ರಸದೌತಣದ ವರದಿ ಮತ್ತು ಬರ್ನಾರ್ಡ್ ಶಾ ಕೇಳಿದ ಕ್ಷಮೆ

ಹೋದ ವರ್ಷ ನಮ್ಮ ತಾಲ್ಲೂಕಿನ ಜಾತ್ರೆಯ ಗಾಯನದ ಬಗ್ಗೆ ನಾವು ಕಳಿಸಿದ ಸುದ್ದಿ ನಾಲ್ಕೇ ಸಾಲಿನದು. ಗಾಯಕರು 'ಸಂಗೀತದ ರಸದೌತಣ ಉಣಬಡಿಸಿದರು', ಶ್ರೋತೃಗಳು 'ಮಂತ್ರಮುಗ್ಧರಾದರು' ಎಂದು ಬರೆದಿದ್ದೆವು. ಡೆಸ್ಕಿಗೆ ಸುದ್ದಿ ಹೋಗಿದ್ದು ಸಂಜೆ ಆರಕ್ಕೆ, ಗಾಯನ ಶುರುವಾಗಿದ್ದು ರಾತ್ರಿ ಒಂಬತ್ತೂವರೆಗೆ. ಪ್ರೆಸ್‌ನೋಟಿನಲ್ಲಿ ಹೆಸರಿದ್ದ ಗಾಯಕರು ಬರಲೇ ಇಲ್ಲ. ಅವರ ಬದಲು ಹಾಡಿದ ಹುಡುಗಿಯ ಅಪ್ಪ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. 'ನಮ್ಮ ಹುಡುಗಿ ಎರಡು ತಾಸು ಹಾಡ್ಯಾಳ್ರೀ ಸರ, ಪೇಪರಿನ್ಯಾಗ ಬ್ಯಾರೆಯವರ ಹೆಸರು ಬಂದೈತಿ' ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಡಿಪ್ಲೊಮಾದಲ್ಲಿ ನಮಗೆ ಅಪರಾಧ ಸುದ್ದಿ, ಬಜೆಟ್, ಸಾಮಾನ್ಯ ಸಭೆ ಎಲ್ಲವನ್ನೂ ಬರೆಯಲು ಕಲಿಸಿದರು. ಸಂಗೀತ ವಿಮರ್ಶೆಗೆ ಸಿಕ್ಕಿದ್ದು ಅರ್ಧ ಪುಟದ ನೋಟ್ಸ್. ಆ ಜಾತ್ರೆಯ ನಂತರ ಹಳೆಯ ವಿಮರ್ಶಕರನ್ನು ಹುಡುಕಿ ಓದತೊಡಗಿದೆವು. ನಮಗೆ ಹೆಚ್ಚು ಹತ್ತಿರವಾದವರು ಲಂಡನ್ನಿನ ಬರ್ನಾರ್ಡ್ ಶಾ. ನಾಟಕಕಾರರಾಗಿ ಹೆಸರು ಮಾಡುವ ಮೊದಲು ಅವರೂ ನಮ್ಮಂತೆ ಪತ್ರಿಕೆಗೆ ಬರೆದು ಹೊಟ್ಟೆ ಹೊರೆದವರು.

ಶಾ ಹುಟ್ಟಿದ್ದು 1856ರಲ್ಲಿ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ತಾಯಿ ಹಾಡುತ್ತಿದ್ದರು. ತಾಯಿಯ ಸಂಗೀತದ ಗುರು ವ್ಯಾಂಡಲರ್ ಲೀ. 1876ರಲ್ಲಿ ಶಾ ಲಂಡನ್ನಿಗೆ ಬಂದಾಗ ಲೀ ಅವರಿಗೆ 'ಹಾರ್ನೆಟ್' ಎಂಬ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುವ ಕೆಲಸ ಸಿಕ್ಕಿತು. ಬರೆದದ್ದು ಶಾ, ವಿಮರ್ಶಕನ ಹುದ್ದೆ ಲೀ ಅವರದು. ಬೈಲೈನ್ ಇಲ್ಲದೆ ಬರೆಯುವ ಕಷ್ಟ ನಮಗೆ ಯಾರೂ ವಿವರಿಸಬೇಕಿಲ್ಲ.

1888ರಲ್ಲಿ ಅವರು 'ಸ್ಟಾರ್' ಎಂಬ ಸಂಜೆ ಪತ್ರಿಕೆ ಸೇರಿದರು. ಬರೆಯಬೇಕಿದ್ದದ್ದು ರಾಜಕೀಯ. ಆದರೆ ಅವರ ಸಮಾಜವಾದ ಸಂಪಾದಕ ಟಿ.ಪಿ. ಓಕಾನರ್ ಅವರಿಗೆ ತಲೆನೋವಾಯಿತು. ಸಂಗೀತದ ಬಗ್ಗೆ ಬರೆದರೆ ಯಾರಿಗೂ ತೊಂದರೆಯಿಲ್ಲ ಎಂದು 1889ರಲ್ಲಿ ಆ ಅಂಕಣ ಕೊಟ್ಟರು. ಶಾ ಇಟ್ಟುಕೊಂಡ ಹೆಸರು 'ಕಾರ್ನೊ ದಿ ಬಸೆಟ್ಟೊ'. ಕೇಳಿದರೆ ಇಟಲಿಯ ಯಾವುದೋ ಜಮೀನ್ದಾರನಂತಿದೆ, ನಿಜಕ್ಕೆ ಅದು ಊದುವ ವಾದ್ಯವೊಂದರ ಹೆಸರು. ಅದರ ದನಿ ಎಷ್ಟು ದುಃಖದ್ದು ಎಂದು ಮೊದಲೇ ಕೇಳಿ ತಿಳಿದಿದ್ದರೆ ಈ ಹೆಸರು ಆರಿಸುತ್ತಿರಲಿಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡರು. ಕೇಳದೆ ಬರೆಯುವ ಚಾಳಿ ನಮ್ಮೊಬ್ಬರದೇ ಅಲ್ಲ!

ಆ ವರ್ಷದ ಫೆಬ್ರುವರಿಯಲ್ಲಿ ಅವರು ಲಂಡನ್ನಿನ ಪೂರ್ವದ ಬಡಾವಣೆ ಬೋಗೆ ಹೋದರು. ಅದು ದುಡಿಯುವವರ ಪ್ರದೇಶ. ಅಲ್ಲಿ ಹವ್ಯಾಸಿಗಳು ಪರ್ಸೆಲ್‌ನ 'ಡಿಡೊ ಅಂಡ್ ಈನಿಯಸ್' ಎಂಬ ಸಂಗೀತ ನಾಟಕ ಆಡಿದ್ದರು. ಇನ್ನೂರು ವರ್ಷದ ಕೃತಿ ಒಂದಿಷ್ಟೂ ಸವೆದಿಲ್ಲ ಎಂದು ಶಾ ಮೆಚ್ಚಿದರು. ವಾದ್ಯದವರ ಎಡವಟ್ಟನ್ನೂ ಮುಚ್ಚಿಡಲಿಲ್ಲ. ಆ ತಪ್ಪುಗಳನ್ನು ಕೇಳಿದವರು ಇದೂ ಪರ್ಸೆಲ್ ಕಾಲದ ಪುರಾತನ ಶೈಲಿಯೇ ಇರಬೇಕು ಎಂದುಕೊಂಡಿರಬಹುದು ಎಂದು ಚಟಾಕಿ ಹಾರಿಸಿದರು. ನಮ್ಮಲ್ಲಿ ಊರಿನ ಕಲಾವಿದರೆಂದರೆ ಬರೀ ಹೊಗಳಿಕೆ, ಇಲ್ಲವೇ ಸುದ್ದಿಯೇ ಇಲ್ಲ. ತಪ್ಪನ್ನೂ ಹೇಳುವುದು ಅವರನ್ನು ಕಲಾವಿದರೆಂದು ಒಪ್ಪಿದ ಲಕ್ಷಣ ಎಂದು ನಮಗೆ ಹೊಳೆದದ್ದು ಇದನ್ನು ಓದಿದಾಗ.

1890ರಿಂದ 1894ರವರೆಗೆ ಅವರು 'ವರ್ಲ್ಡ್' ಪತ್ರಿಕೆಗೆ ಬರೆದರು. ಸಂಗೀತ ಗೊತ್ತಿಲ್ಲದವರೂ ಓದುವಂತೆ ಬರೆಯಬೇಕೆಂಬ ಹಟ ಅವರದು. ಪಾರಿಭಾಷಿಕ ಪದಗಳನ್ನು ಪೇರಿಸುವ ವಿಮರ್ಶಕರನ್ನು ಕಂಡರೆ ಆಗುತ್ತಿರಲಿಲ್ಲ. 1893ರಲ್ಲಿ ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತವನ್ನು ಅದೇ ಧಾಟಿಯಲ್ಲಿ, ಬರೀ ವ್ಯಾಕರಣದ ಪದಗಳಲ್ಲಿ ವಿಶ್ಲೇಷಿಸಿ ತೋರಿಸಿ ನಗಿಸಿದರು. ಅಷ್ಟು ಓದಿದರೂ ಹ್ಯಾಮ್ಲೆಟ್ ಸಾಯಲು ಯೋಚಿಸುತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ. ರಾಗ, ತಾಳ, ಸಾಥ್ ಕೊಟ್ಟವರ ಹೆಸರು ಬರೆದು ಕೈತೊಳೆದುಕೊಳ್ಳುವ ನಮ್ಮ ವರದಿಗಳೂ ಹೀಗೇ ಅಲ್ಲವೇ? ದೊಡ್ಡ ಒಪೆರಾ ಮಂದಿರಗಳಲ್ಲಿ ತಾಲೀಮು ಸಾಲದು ಎಂದೂ ಅವರು ಬಿಡದೆ ಬರೆದರು. ಹಾಡುಗಾರನ ತಪ್ಪಿನಲ್ಲಿ ವ್ಯವಸ್ಥಾಪಕನ ಪಾಲು ಎಷ್ಟು ಎಂದು ಕೇಳುವ ಈ ಅಭ್ಯಾಸ ನಮಗೆ ಉಳಿದೆಲ್ಲಕ್ಕಿಂತ ಉಪಯೋಗದ್ದು. ಕೆಟ್ಟ ಮೈಕ್ ಸೆಟ್ಟಿನಿಂದ ಹಾಳಾದ ಗಾಯನಗಳನ್ನು ನಾವೇ ಎಷ್ಟು ಕೇಳಿಲ್ಲ!

ಹಾಗೆಂದು ಶಾ ನ್ಯಾಯದ ತಕ್ಕಡಿಯೇನಲ್ಲ. ವಿಮರ್ಶೆಯಲ್ಲಿ ಸ್ವಂತ ರಾಗದ್ವೇಷ ಇರಲೇಬೇಕು ಎಂದು ವಾದಿಸಿದವರು. ಜರ್ಮನಿಯ ಸಂಗೀತಕಾರ ಬ್ರಾಹ್ಮ್ಸ್ ಬಗ್ಗೆ ಅವರು ಬರೆದದ್ದು ಕ್ರೂರವಾಗಿತ್ತು. ಬೇರೆಯವರ ಸಂಗೀತದ ನೆನಪಿನ ಚೂರುಗಳನ್ನು ಭರ್ಜರಿಯಾಗಿ ಹೆಣೆದದ್ದು, ಅಷ್ಟೇ ಎಂಬುದು ಸ್ಟಾರ್ ಕಾಲದ ಅವರ ತೀರ್ಪು.

ಆ ಹಳೆಯ ಬರಹಗಳು ಪುಸ್ತಕವಾಗುವಾಗ, 1936ರಲ್ಲಿ, ಶಾ ಅದನ್ನು ತೆಗೆದುಹಾಕಬಹುದಿತ್ತು. ತೆಗೆಯಲಿಲ್ಲ. ಕೆಳಗೊಂದು ಟಿಪ್ಪಣಿ ಸೇರಿಸಿದರು. ಆ ಮಾತು ಅವಸರದ್ದು, ಪೆದ್ದುತನದ್ದು, ಕ್ಷಮೆ ಕೇಳುತ್ತೇನೆ ಎಂದರು. ಕಾರಣವನ್ನೂ ಕೊಟ್ಟರು: ಹೆಚ್ಚು ತಿಳಿದ ವಿಮರ್ಶಕನಿಗೆ ಹೊಸ ಕೃತಿಯಲ್ಲಿ ಹಳೆಯ ಸರಕು ಬೇಗ ಗುರುತು ಸಿಗುತ್ತದೆ, ಅದಕ್ಕೆ ಬಂದ ಹೊಸ ಬಣ್ಣ ಕಾಣದೇ ಹೋಗುತ್ತದೆ. ಆಗ ಶಾ ಅವರಿಗೆ 80 ವರ್ಷ. ಬ್ರಾಹ್ಮ್ಸ್ ತೀರಿಕೊಂಡು 39 ವರ್ಷಗಳಾಗಿದ್ದವು.

ಆ ಹುಡುಗಿಯ ವಿಷಯದಲ್ಲಿ ನಾವೂ ಒಂದು ತಿದ್ದುಪಡಿ ಕಳಿಸಿದ್ದೆವು. ಜಾಗವಿಲ್ಲ ಎಂದು ಡೆಸ್ಕಿನವರು ಹಾಕಲಿಲ್ಲ. ಈ ಸಲದ ಜಾತ್ರೆಯ ಹ್ಯಾಂಡ್‌ಬಿಲ್ಲಿನಲ್ಲಿ ಅವಳ ಹೆಸರಿದೆ, ರಾತ್ರಿ ಒಂಬತ್ತೂವರೆಗೆ. ಸುದ್ದಿ ಮರುದಿನ ಕಳಿಸುತ್ತೇವೆಂದು ಡೆಸ್ಕಿಗೆ ಈಗಲೇ ಹೇಳಿಟ್ಟಿದ್ದೇವೆ.