ಹೊರದೇಶಕ್ಕೆಂದೇ ಹುಟ್ಟಿದ ಕಾರು: ಒಂದು ಎಂಜಿಬಿ ಮಾರಾಟದ ನೆಪದಲ್ಲಿ

2023ರ ಏಪ್ರಿಲ್‌ನಲ್ಲಿ ನಮ್ಮ ಮನೆಯ ಬಿಳಿ ಕಾರನ್ನು ಮಾರಿದೆ. ಸಂಘದ ಯುಗಾದಿ ಊಟಕ್ಕೆ, ದೀಪಾವಳಿ ಕಾರ್ಯಕ್ರಮಕ್ಕೆ ಬರುವ ಅನೇಕರಿಗೆ ಅದರ ಪರಿಚಯವಿದೆ. ಎಷ್ಟೋ ಮಕ್ಕಳು ಅದರ ಸ್ಟಿಯರಿಂಗ್ ಹಿಡಿದು ಫೋಟೋ ತೆಗೆಸಿಕೊಂಡಿದ್ದಾರೆ. ಅವರಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನೇ ಎತ್ತಿಕೊಂಡು ಬರುತ್ತಾರೆ. ಈ 20 ವರ್ಷಗಳಲ್ಲಿ ದೊಡ್ಡವರು, ಚಿಕ್ಕವರು ಎನ್ನದೆ ಎಲ್ಲರೂ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಇಂಗ್ಲೆಂಡಿನ ಕಾರಿಗೆ ಸ್ಟಿಯರಿಂಗ್ ಎಡಗಡೆ ಯಾಕಿದೆ ಡಾಕ್ಟ್ರೇ?" ತಟ್ಟೆ ಕೈಯಲ್ಲಿ ಹಿಡಿದು ನಿಂತವರಿಗೆ ಇದರ ಉತ್ತರ ಹೇಳಿ ಮುಗಿಸಲು ಆಗುತ್ತಿರಲಿಲ್ಲ. ಸಂಪಾದಕರು ಈ ಸಂಚಿಕೆಗೆ ಲೇಖನ ಕೇಳಿದಾಗ, ಆ ಬಾಕಿಯನ್ನು ಈಗಲಾದರೂ ತೀರಿಸೋಣ ಎನ್ನಿಸಿತು.

ನನ್ನದು 1971ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ಮಳೆ ಬಂದರೆ ಎಳೆದುಕೊಳ್ಳಲು ಒಂದು ಮಡಚುವ ಬಟ್ಟೆಯ ಛಾವಣಿ. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಎಂಬ ಚಿಕ್ಕ ಊರಿನ ಕಾರ್ಖಾನೆಯಲ್ಲಿ ತಯಾರಾಗಿ, ಹಡಗು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿ 18 ವರ್ಷ ಓಡಾಡಿ 1989ರಲ್ಲಿ ಕಂಟೇನರಿನಲ್ಲಿ ವಾಪಸು ಬಂತು. 2001ರಲ್ಲಿ ನಾನು ಅದನ್ನು ಸ್ಟಾಕ್‌ಪೋರ್ಟಿನ ಒಬ್ಬರಿಂದ ಕೊಂಡೆ.

ಅದು ಕ್ಯಾಲಿಫೋರ್ನಿಯಾಕ್ಕೆ ಏಕೆ ಹೋಯಿತು ಎಂಬುದಕ್ಕೆ 1945ರಿಂದ ಶುರು ಮಾಡಬೇಕು. ಯುದ್ಧ ಗೆದ್ದ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ಆ ವರ್ಷದ ಕೊನೆಗೆ ಅಮೆರಿಕದಿಂದ 375 ಕೋಟಿ ಡಾಲರ್ ಸಾಲದ ಒಪ್ಪಂದವಾಯಿತು. ಅದರ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರಿನಲ್ಲಿ! ಆ ಹೊತ್ತಿಗೆ ನಾನು ಈ ದೇಶಕ್ಕೆ ಬಂದು 20 ವರ್ಷವಾಗಿತ್ತು; ಅಂದರೆ ನನ್ನ ತೆರಿಗೆಯದೂ ಒಂದು ಚೂರು ಆ ಸಾಲಕ್ಕೆ ಹೋಗಿರಬೇಕು. ಆಹಾರಕ್ಕೆ, ಹತ್ತಿಗೆ, ಎಣ್ಣೆಗೆ ಡಾಲರ್ ಬೇಕು, ಡಾಲರ್ ಬೇಕೆಂದರೆ ಏನನ್ನಾದರೂ ಮಾರಬೇಕು. ಆಗ ವ್ಯಾಪಾರ ಮಂಡಳಿಯ ಅಧ್ಯಕ್ಷರಾಗಿದ್ದವರು ಸರ್ ಸ್ಟಾಫರ್ಡ್ ಕ್ರಿಪ್ಸ್. ಹೌದು, ನಾವೆಲ್ಲ ಹೈಸ್ಕೂಲಿನ ಚರಿತ್ರೆ ಪರೀಕ್ಷೆಗೆ ಟಿಪ್ಪಣಿ ಬರೆದ 1942ರ ಕ್ರಿಪ್ಸ್ ಆಯೋಗದ ಕ್ರಿಪ್ಸ್ ಅವರೇ. ದೆಹಲಿಯಲ್ಲಿ ಅವರ ಮಾತಿಗೆ ಯಾರೂ ಒಪ್ಪಲಿಲ್ಲ. 1945ರ ನವೆಂಬರಿನಲ್ಲಿ ಕಾರು ತಯಾರಕರ ಔತಣಕೂಟದಲ್ಲಿ ಎದ್ದು ನಿಂತು, ನೀವು ಮಾಡುವುದರಲ್ಲಿ ಕನಿಷ್ಠ ಅರ್ಧ ಹೊರದೇಶಕ್ಕೆ ಹೋಗಲೇಬೇಕು ಎಂದಾಗ ಅಲ್ಲಿಯೂ ಗೊಣಗಾಟ ಎದ್ದಿತಂತೆ. ಆದರೆ ಈ ಸಲ ಅವರ ಕೈಯಲ್ಲಿ ಉಕ್ಕಿನ ಹಂಚಿಕೆಯಿತ್ತು. ರಫ್ತು ಮಾಡಿದವರಿಗೆ ಉಕ್ಕು, ಮಾಡದವರಿಗೆ ಇಲ್ಲ. ಕಾರ್ಖಾನೆಗಳು ಬೇಗ ದಾರಿಗೆ ಬಂದವು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆಯನ್ನು 4.03 ಡಾಲರ್‌ನಿಂದ 2.80ಕ್ಕೆ ಇಳಿಸಿದ್ದೂ ಅವರೇ, ಆಗ ಅವರು ಹಣಕಾಸು ಸಚಿವರು. ಆ ರಾತ್ರಿಯಿಂದ ಅಮೆರಿಕನ್ನರ ಪಾಲಿಗೆ ಇಂಗ್ಲಿಷ್ ಕಾರುಗಳೆಲ್ಲ ಅಗ್ಗವಾದವು.

ಯುದ್ಧಕಾಲದಲ್ಲಿ ಇಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರಿಗೆ ಎಂಜಿಯ ಪುಟ್ಟ ಕಾರುಗಳ ರುಚಿ ಹತ್ತಿತ್ತು. ಅವರ ದೇಶದ ಕಾರುಗಳು ಎತ್ತಿನ ಗಾಡಿಯಷ್ಟು ಅಗಲ. ಇದು ಸೈಕಲ್ಲಿನ ಹಾಗೆ ಮೈಗೆ ಅಂಟಿಕೊಳ್ಳುವಂಥದ್ದು. 1945ರಿಂದ 1949ರವರೆಗೆ ಬಂದ ಎಂಜಿ ಟಿಸಿಯನ್ನು ಎಡಗಡೆ ಸ್ಟಿಯರಿಂಗಿನೊಂದಿಗೆ ಮಾಡಲೇ ಇಲ್ಲ. ಆದರೂ ಅಮೆರಿಕನ್ನರು ಬಲಗಡೆ ಕೂತೇ ಓಡಿಸಿದರು. ಮುಂದೆ ಎಲ್ಲ ತಲೆಕೆಳಗಾಯಿತು. 1955ರಿಂದ 1962ರವರೆಗೆ ತಯಾರಾದ ಎಂಜಿಎ ಮಾದರಿಯ ಒಟ್ಟು ಸಂಖ್ಯೆ 1,01,081. ಅದರಲ್ಲಿ ಬ್ರಿಟನ್ನಿನಲ್ಲಿ ಮಾರಾಟವಾದದ್ದು 6,000ಕ್ಕೂ ಕಡಿಮೆ. ಈ ಎರಡು ಸಂಖ್ಯೆಗಳನ್ನು ಮೊದಲ ಸಲ ಅಕ್ಕಪಕ್ಕ ಇಟ್ಟು ನೋಡಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ. ಹಳ್ಳಿಯ ಬೇಲಿ, ಪಬ್ಬು, ತಲೆಗೆ ಚಪ್ಪಟೆ ಟೋಪಿ ಹಾಕಿದ ಯಜಮಾನರು ಎಂದೆಲ್ಲ ಕ್ಯಾಲೆಂಡರಿನಲ್ಲಿ ಇಂಗ್ಲೆಂಡಿನ ಗುರುತಾಗಿ ಕಾಣುವ ಈ ಕಾರು ಇಂಗ್ಲೆಂಡಿನವರ ಕಣ್ಣಿಗೆ ಬಿದ್ದದ್ದೇ ಅಪರೂಪ. 1962ರಿಂದ 1980ರವರೆಗೆ ಬಂದ ಎಂಜಿಬಿ 5 ಲಕ್ಷ ದಾಟಿತು. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಉತ್ತರ ಅಮೆರಿಕಕ್ಕೇ ಹೋಯಿತು.

ಕೊಳ್ಳುವವರು ಎಲ್ಲಿದ್ದಾರೋ ಕಾರಿನ ರೂಪವನ್ನೂ ಅಲ್ಲಿಯ ಕಾನೂನೇ ತಿದ್ದಿತು. ನನ್ನ ಕಾರಿನ ಚಾಸಿ ನಂಬರಿನ ಮೊದಲ ಅಕ್ಷರಗಳು ಜಿ, ಎಚ್, ಎನ್, 5, ಯು, ಬಿ. ಜಿ ಎಂದರೆ ಎಂಜಿ, ಎಚ್ ಎಂಜಿನ್ನಿನ ಗಾತ್ರದ ವರ್ಗ, ಎನ್ ಎಂದರೆ ಎರಡು ಸೀಟಿನ ತೆರೆದ ಕಾರು. ಯು ಅಕ್ಷರವೇ ಅಮೆರಿಕ, ಬಿ ಎಂದರೆ 1971ರ ಮಾದರಿ. ರಕ್ತದ ಗುಂಪಿನ ಹಾಗೆ ಇದು ಹುಟ್ಟಿನಿಂದಲೇ ಬಂದದ್ದು, ಆಮೇಲೆ ಬದಲಾಗದು. 1968ರ ಜನವರಿಯಿಂದ ಅಮೆರಿಕದಲ್ಲಿ ಹೊಸ ಸುರಕ್ಷತಾ ನಿಯಮಗಳು ಜಾರಿಗೆ ಬಂದವು. ಅಪಘಾತದಲ್ಲಿ ಮಂಡಿ, ತಲೆ ಒಡೆಯದಿರಲೆಂದು ಡ್ಯಾಷ್‌ಬೋರ್ಡಿಗೆ ದಪ್ಪ ಮೆತ್ತೆ ಹೊದಿಸಿದರು. ಅದಕ್ಕೆ 'ಆಬಿಂಗ್ಡನ್ ದಿಂಬು' ಎಂದೇ ಅಡ್ಡಹೆಸರು. ಗಾಜಿನ ಇಷ್ಟು ಭಾಗ ಒರೆಸಲೇಬೇಕು ಎಂಬ ನಿಯಮಕ್ಕೆ ಎರಡರ ಬದಲು ಮೂರು ವೈಪರ್ ಬಂದವು. ಪಕ್ಕದಲ್ಲಿ ಪುಟ್ಟ ದೀಪಗಳು ಬಂದವು. ಹೊಗೆಯ ವಿಷ ಕಡಿಮೆ ಮಾಡಲು ಎಂಜಿನ್ನಿಗೆ ಗಾಳಿ ಊದುವ ಒಂದು ಪಂಪೂ ಬಂತು. ಅಪಘಾತ ವಿಭಾಗದಲ್ಲಿ ರಾತ್ರಿಪಾಳಿ ಮಾಡಿದ ನನಗೆ ಆ ದಿಂಬಿನ ಬಗ್ಗೆ ಗೌರವವಿದೆ. ಹಳೆಯ ಕಾರುಪ್ರೇಮಿಗಳು ಮಾತ್ರ ಅದನ್ನು ಕಂಡರೆ ಮೂಗು ಮುರಿಯುತ್ತಾರೆ.

ಇಷ್ಟಾದರೂ ನಾನು ಆ ಕಾರನ್ನು ಕೊಂಡದ್ದು ಇದ್ಯಾವುದನ್ನೂ ತಿಳಿದಲ್ಲ. ಸ್ಟಾಕ್‌ಪೋರ್ಟಿನಲ್ಲಿ ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿದಾಗ, ಆ ಟಕಟಕ ಸದ್ದು ನನ್ನನ್ನು ಶಿವಮೊಗ್ಗದಲ್ಲಿ ನನ್ನ ಸೋದರಮಾವನ ಅಂಬಾಸಡರ್ ಪಕ್ಕ ನಿಲ್ಲಿಸಿತು. ಮಾವ ಭಾನುವಾರ ಬೆಳಿಗ್ಗೆ ಬಾನೆಟ್ಟಿನೊಳಗೆ ತಲೆ ತೂರಿಸಿ, "ಸ್ಪ್ಯಾನರ್ ಕೊಡೋ, ಅದಲ್ವೋ, ಚಿಕ್ಕದು" ಎನ್ನುತ್ತಿದ್ದರು. ಇದು ಬರಿಯ ಭ್ರಮೆಯಲ್ಲ ಎಂದು ಆಮೇಲೆ ಗೊತ್ತಾಯಿತು. 1489 ಸಿಸಿಯ ಬಿ-ಸೀರೀಸ್ ಎಂಜಿನ್ನಿನಿಂದ ಎಂಜಿಎ ಓಡಿತು. ಅದೇ ಗಾತ್ರದ ಅದೇ ಮನೆತನದ ಎಂಜಿನ್ ಅಂಬಾಸಡರಿಗೂ ಬಂತು. ನನ್ನ ಎಂಜಿಬಿಯದು ಅದೇ ಎಂಜಿನ್ನನ್ನು 1798 ಸಿಸಿಗೆ ಹಿಗ್ಗಿಸಿದ್ದು. ಒಂದೇ ತಾಯಿಯ ಮಕ್ಕಳಲ್ಲಿ ಒಂದು ಹಾಲಿವುಡ್ಡಿಗೆ ಹೋಯಿತು, ಇನ್ನೊಂದು ನಮ್ಮೂರ ಟ್ಯಾಕ್ಸಿ ಸ್ಟ್ಯಾಂಡಿಗೆ.

ಭಾರತಕ್ಕೆ ರೋಡ್‌ಸ್ಟರ್ ಏಕೆ ಬರಲಿಲ್ಲ? ನಮಗೂ ಡಾಲರಿನ ಬರವೇ ಇತ್ತು, ಆದರೆ ಮದ್ದು ಬೇರೆ. ಬ್ರಿಟನ್ ಹೊರಗೆ ಮಾರುವುದಕ್ಕೆ ಹೊರಟರೆ, ನಾವು ಒಳಗೆ ಬರುವುದಕ್ಕೆ ಬಾಗಿಲು ಹಾಕಿದೆವು. 1953ರ ಸುಂಕ ಆಯೋಗದ ವರದಿಯ ನಂತರ, ದೇಶದಲ್ಲೇ ಹಂತಹಂತವಾಗಿ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಜಾಗ ಬಿಟ್ಟವು, ಜನರಲ್ ಮೋಟಾರ್ಸ್ ಹಾಗೂ ಫೋರ್ಡ್ ಕೂಡ. ಉಳಿದದ್ದು ಕುಟುಂಬಕ್ಕೆ, ಟ್ಯಾಕ್ಸಿಗೆ, ಸರ್ಕಾರಕ್ಕೆ ಆಗುವ ಕಾರು. ಮದ್ರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ತಯಾರಾಯಿತು. ಮರುವರ್ಷವೇ ಕವೆಂಟ್ರಿಯಲ್ಲಿ ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ ಸ್ಪಿಟ್‌ಫೈರ್ ಎಂಬ ರೋಡ್‌ಸ್ಟರ್ ಹೊರಬಂತು. ನಮಗೆ ಹೆರಾಲ್ಡ್ ಸಿಕ್ಕಿತು, ಸ್ಪಿಟ್‌ಫೈರ್ ಸಿಗಲಿಲ್ಲ. ಇದಕ್ಕೂ ಮುಂಚೆ, 1930ರ ದಶಕದಲ್ಲೇ, ಸರ್ ಎಂ. ವಿಶ್ವೇಶ್ವರಯ್ಯನವರು ಕಾರು ಕಾರ್ಖಾನೆಗಾಗಿ ಯುರೋಪು, ಅಮೆರಿಕ ಸುತ್ತಿ ಯೋಜನೆ ತಯಾರಿಸಿದ್ದರು. ಅದು ಬ್ರಿಟಿಷ್ ಸರ್ಕಾರದ ಮುಂದೆ ನಿಂತುಹೋಯಿತು. ಅದರಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ಸಹಾಯದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಕಾರು ಬರಬೇಕಿದ್ದ ಬೆಂಗಳೂರಿಗೆ ವಿಮಾನ ಬಂತು.

ಇನ್ನು ವಾಪಸು ಬಂದ ಕಥೆ. ಆಬಿಂಗ್ಡನ್ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಮುಚ್ಚಿತು. ಕಾರು ಸಿಗದಾದಾಗ ಇಲ್ಲಿಯವರಿಗೆ ಅದರ ಮೇಲೆ ಪ್ರೀತಿ ಬಂತು. ಆದರೆ ಇಲ್ಲಿ ಉಳಿದಿದ್ದವನ್ನು ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದುಹಾಕಿತ್ತು. ಕ್ಯಾಲಿಫೋರ್ನಿಯಾ, ಅರಿಝೋನಾಗಳ ಒಣ ಹವೆಯಲ್ಲಿ ಬಣ್ಣ ಮಾಸಿದ್ದರೂ ತಗಡು ಗಟ್ಟಿಯಾಗಿದ್ದ ಕಾರುಗಳು ಸಾಲುಗಟ್ಟಿ ನಿಂತಿದ್ದವು. 1980ರ ದಶಕದ ಕೊನೆಯಲ್ಲಿ ಅವು ಕಂಟೇನರುಗಳಲ್ಲಿ ಬರತೊಡಗಿದವು. ನನ್ನ ಕಾರಿನ ಜೊತೆ ಕ್ಯಾಲಿಫೋರ್ನಿಯಾದ ಗುಲಾಬಿ ಬಣ್ಣದ ಮಾಲೀಕತ್ವದ ಪತ್ರವೂ ನೀಲಿಯ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟೂ ಬಂದಿದ್ದವು. ಆ ಪತ್ರ ಇದ್ದುದರಿಂದಲೇ ಇಲ್ಲಿ ಅದರ ವಯಸ್ಸಿಗೆ ತಕ್ಕ ನಂಬರ್ ಸಿಕ್ಕಿತು. ವಯಸ್ಸು, ಗುರುತು ಖಚಿತವಾಗದ ಗಾಡಿಗೆ 'ಕ್ಯೂ' ಅಕ್ಷರದ ನಂಬರ್ ಕೊಡುತ್ತಾರೆ. ಜನ್ಮಪತ್ರ ಇಲ್ಲದವರ ಪಾಡೇ ಅದು.

ಯುಗಾದಿ ಊಟದಲ್ಲಿ ಒಬ್ಬರು, "ಇದೂ ನಮ್ಮ ಹಾಗೇ ಅಲ್ವಾ, ವಲಸೆ ಬಂದದ್ದು" ಎಂದರು. ನಾನು ಒಪ್ಪಲಿಲ್ಲ. ಇದು ಹುಟ್ಟಿದ ದೇಶಕ್ಕೆ ಮರಳಿತು. ನಾನು ಮರಳಲಿಲ್ಲ.

ಈಗ ಮಾರಾಟ. ಬ್ರೂಮ್‌ಹಿಲ್ ಎಂಬುದು ಗುಡ್ಡದ ಮೈಮೇಲಿನ ಬಡಾವಣೆ, ಪ್ರತಿ ಸಿಗ್ನಲ್ಲಿನಲ್ಲೂ ಏರು. ಕ್ಲಚ್ ಒತ್ತಿ ಒತ್ತಿ ನನ್ನ ಎಡ ಮಂಡಿ ನಿವೃತ್ತಿ ಕೇಳಿತು. ಮಗನಿಗೆ ಎಲೆಕ್ಟ್ರಿಕ್ ಕಾರೇ ಸಾಕು. ಹಳೆ ಕಾರುಗಳ ವ್ಯಾಪಾರಿಯೊಬ್ಬರು ಬಂದು ನೋಡಿ ಎರಡು ಸಲಹೆ ಕೊಟ್ಟರು. ಒಂದು, ಸ್ಟಿಯರಿಂಗನ್ನು ಬಲಕ್ಕೆ ಬದಲಿಸಿ, ದಿಂಬು ತೆಗೆದು ಇಲ್ಲಿಯ ಡ್ಯಾಷ್‌ಬೋರ್ಡ್ ಹಾಕಿಸಿದರೆ ಹೆಚ್ಚು ಬೆಲೆ ಬರುತ್ತದೆ. ಎಂಜಿಬಿಯ ಮೈಯಲ್ಲಿ ಎರಡೂ ಕಡೆಗೆ ಅನುಕೂಲವಿರುವುದರಿಂದ ಅದು ಅಂಥ ಕಷ್ಟದ ಕೆಲಸವೂ ಅಲ್ಲ. ಎರಡು, ಜಾಹೀರಾತಿನಲ್ಲಿ 'ಕ್ಯಾಲಿಫೋರ್ನಿಯಾ ಕಾರು, ತುಕ್ಕಿಲ್ಲ' ಎಂದು ದಪ್ಪಕ್ಷರದಲ್ಲಿ ಹಾಕಿ.

ಮೊದಲನೆಯದನ್ನು ಅಲ್ಲೇ ಬೇಡವೆಂದೆ. ಮೇಲೆ ಬರೆದ ಚರಿತ್ರೆಯೆಲ್ಲ ಆ ಎಡಗಡೆಯ ಸ್ಟಿಯರಿಂಗಿನಲ್ಲಿದೆ. ಅದನ್ನು ಕಿತ್ತರೆ ಉಳಿಯುವುದು ಎಂದೂ ಇಲ್ಲದ ಇಂಗ್ಲೆಂಡಿನ ಒಂದು ಕಾರು. ಎರಡನೆಯದು ನನಗೂ ಇಷ್ಟವಾಗಿತ್ತು, ಸುಳ್ಳು ಹೇಳುವುದೇಕೆ. ಆದರೆ ಜಾಹೀರಾತು ಬರೆಯುವ ಮುನ್ನ ಒಂದು ಪರೀಕ್ಷೆ ಮಾಡಿದೆ. ಛಾವಣಿ ಇಲ್ಲದ ಕಾರಿಗೆ ಬೆನ್ನೆಲುಬು ಎಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆ, ಸಿಲ್ ಎನ್ನುತ್ತಾರೆ. ಜಾಕ್ ಹಾಕಿ ಒಂದು ಪಕ್ಕ ಎತ್ತಿದಾಗ ಬಾಗಿಲ ಅಂಚಿನ ಸಂದು ಬದಲಾಗಬಾರದು. ಬಲಗಡೆ ಬದಲಾಗಲಿಲ್ಲ. ಎಡಗಡೆ ಸಂದು ಕಣ್ಣಿಗೆ ಕಾಣುವಷ್ಟು ಕಿರಿದಾಯಿತು. ಹಿಂದೊಮ್ಮೆ ಒಂದು ವರ್ಕ್‌ಶಾಪಿನಲ್ಲಿ ಹಣ ಕೊಟ್ಟು ಆ ಸಿಲ್ ಬದಲಿಸಿದ್ದೆ. ಬಿಲ್ಲಿನಲ್ಲಿ 'ಹೊಸ ಸಿಲ್' ಎಂದೇ ಇದೆ. ಕಾರ್ಪೆಟ್ ಎತ್ತಿ ಟಾರ್ಚ್ ಬಿಟ್ಟರೆ, ಹಳೆಯ ತುಕ್ಕನ್ನು ಕತ್ತರಿಸದೆ ಮೇಲೊಂದು ತಗಡು ಬೆಸೆದು ಬಣ್ಣ ಬಳಿದಿದ್ದರು. ಗಾಯ ತೊಳೆಯದೆ ಕಟ್ಟಿದ ಪಟ್ಟಿ.

ಅಂದು ಸಂಜೆ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಈ ಕಾರು ಕ್ಯಾಲಿಫೋರ್ನಿಯಾದಲ್ಲಿದ್ದದ್ದು 18 ವರ್ಷ, ಇಲ್ಲಿ 34 ವರ್ಷ. ಒಣ ದೇಶದಿಂದ ಬಂದದ್ದು ಎಂಬ ಹೆಗ್ಗಳಿಕೆ 1989ಕ್ಕೆ ನಿಜ. ಆಮೇಲೆ ಅದು ತಿಂದದ್ದು ಪೆನ್ನೈನ್ ಗುಡ್ಡಗಳ ಇಬ್ಬದಿಯ ಉಪ್ಪು. ನನ್ನಾಕೆ ಚಹಾ ತಂದಿಟ್ಟು ಎಲ್ಲ ಕೇಳಿಸಿಕೊಂಡಳು. "ರೀ, ಸ್ಕ್ಯಾನ್‌ನಲ್ಲಿ ಕಂಡದ್ದನ್ನ ರೋಗಿಗೆ ಹೇಳದೆ ಇರ್ತಿದ್ರಾ?" ಎಂದಳು. ಹೇಳದೆ ಇರುವ ಡಾಕ್ಟರುಗಳನ್ನೂ ನೋಡಿದ್ದೇನೆ ಎನ್ನಬೇಕೆಂದಿದ್ದೆ, ಅನ್ನಲಿಲ್ಲ.

ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ತರಿಸಿದ್ದ ಪ್ರಮಾಣಪತ್ರವೂ ಫೈಲಿನಲ್ಲಿತ್ತು. ಕಾರ್ಖಾನೆಯ ದಾಖಲೆ ನೋಡಿ, ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣ, ಯಾವ ದೇಶಕ್ಕೆ, ಎಂಜಿನ್ ನಂಬರ್ ಏನು ಎಂದು ಅವರು ಬರೆದುಕೊಡುತ್ತಾರೆ. ಎಂಜಿನ್ ನಂಬರ್ ಈಗಿನದಕ್ಕೆ ಹೊಂದುವುದಿಲ್ಲ. ಹಿಂದಿನ ಮಾಲೀಕರು ಬದಲಿಸಿದ್ದರು. ಅದನ್ನೂ ಬರೆದೆ. ಜಾಹೀರಾತು ರೋಗಿಯ ಡಿಸ್ಚಾರ್ಜ್ ಪತ್ರದಷ್ಟು ಉದ್ದವಾಯಿತು: ಅಮೆರಿಕಕ್ಕೆಂದು ತಯಾರಾದದ್ದು, ಎಡಗಡೆ ಸ್ಟಿಯರಿಂಗ್, ಎಂಜಿನ್ ಮೂಲದ್ದಲ್ಲ, ಎಡ ಸಿಲ್ ಕತ್ತರಿಸಿ ಮಾಡಿಸಬೇಕು. 11,500 ಪೌಂಡ್ ಕೇಳಬೇಕೆಂದಿದ್ದ ಕಾರು 9,250ಕ್ಕೆ ಹೋಯಿತು.

ಕೊಂಡವರು ಗ್ಲಾಸಪ್ ಕಡೆಯವರು, ಕೆಲಸದಲ್ಲಿ ಫಿಟ್ಟರ್ ಆಗಿದ್ದವರು. ಮೂರು ವೈಪರ್ ನೋಡಿ ನಕ್ಕರು, ಜಾಕ್ ತಾವೇ ಹಾಕಿ ಎಡಗಡೆಯ ಸಂದನ್ನು ಬೆರಳಲ್ಲಿ ಅಳೆದರು, ಚೌಕಾಸಿ ಮಾಡಲಿಲ್ಲ. ನಮ್ಮ ಬ್ರೂಮ್‌ಹಿಲ್ ಮೂಲಕ ಹಾದುಹೋಗುವ ಎ57 ರಸ್ತೆಯೇ ಲೇಡಿಬವರ್ ಜಲಾಶಯ ದಾಟಿ, ಸ್ನೇಕ್ ಪಾಸ್ ಏರಿ ಅವರ ಊರಿಗೆ ಇಳಿಯುತ್ತದೆ. ಮಳೆ ಬರುವಂತಿತ್ತು, ಆದರೂ ಛಾವಣಿ ತೆಗೆದೇ ಹೊರಟರು.

ಜೂನಿನಲ್ಲಿ ಅವರ ಫೋನ್ ಬಂತು. ಸಿಲ್ ಕತ್ತರಿಸಿದ್ದಾರಂತೆ. ನಾನು ಹೇಳಿದ್ದಕ್ಕಿಂತ ಒಂದು ಗೇಣು ಹೆಚ್ಚೇ ತುಕ್ಕು ಒಳಗೆ ಹೋಗಿತ್ತಂತೆ. ದೂರುವುದಕ್ಕೆ ಫೋನ್ ಮಾಡಿದ್ದಲ್ಲ, ಹಳೆಯ ಬಿಲ್ಲಿನ ಎರಡನೆಯ ಪುಟ ಫೈಲಿನಲ್ಲಿ ಇಲ್ಲ, ನಿಮ್ಮ ಹತ್ತಿರ ಉಳಿದಿದೆಯಾ ಎಂದು ಕೇಳುವುದಕ್ಕೆ. ಹುಡುಕಿದೆ, ಮಂಡಿ ಆಪರೇಷನ್ನಿನ ಕಾಗದಗಳ ನಡುವೆ ಸಿಕ್ಕಿತು. ಮರುದಿನ ಅಂಚೆಗೆ ಹಾಕಿದೆ.