ವ್ಯವಹಾರ, ಸಾಕ್ಷ್ಯ ಮತ್ತು ನ್ಯಾಯಸ್ಥಾನ: ಮರತೂರಿನ ಮಿತಾಕ್ಷರದಿಂದ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯಗಳವರೆಗೆ

೧

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರವನ್ನು ಒಂದು ಆರ್ಥಿಕ ಘಟಕವಾಗಿ ನೋಡಲು ಸಾಧ್ಯವಾಗಿಸಿರುವುದು ಎರಡು ಸರಕುಗಳು: ನೆಲದ ಮೇಲಿನ ತೊಗರಿ, ನೆಲದಡಿಯ ಸುಣ್ಣಕಲ್ಲು. ಜನರ ಮಾತಿನಲ್ಲಿ ಪರ್ಸಿ ಎನಿಸಿಕೊಳ್ಳುವ ಶಹಾಬಾದ್ ಕಲ್ಲು ದೂರದೂರದ ಮನೆಗಳ ನೆಲಹಾಸಾಗಿದೆ. ಅದೇ ಕಲ್ಲಿನ ಪದರಗಳು ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಾಗಿ ಹೊರಹೋಗುತ್ತವೆ. ಕಲಬುರಗಿಯ ತೊಗರಿ ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆಯಿತು.

ಸರಕು ಊರು ಬಿಟ್ಟು ದೂರ ಹೋದಷ್ಟೂ ಅದರ ಬೆನ್ನಿಗೆ ಹುಟ್ಟುವ ತಂಟೆಯೂ ದೂರ ಹೋಗುತ್ತದೆ. ಈ ಪ್ರದೇಶದ ಆರ್ಥಿಕ ಚರಿತ್ರೆಯನ್ನು ಉತ್ಪಾದನೆಯ ಚರಿತ್ರೆಯಾಗಿ ಬರೆದಷ್ಟು ವ್ಯಾಜ್ಯಗಳ ಚರಿತ್ರೆಯಾಗಿ ನೋಡಿದ್ದು ಕಡಿಮೆ. ಕೊಟ್ಟ ಮಾತು ತಪ್ಪಿದಾಗ ಯಾರ ಮುಂದೆ ಹೋಗಬೇಕು, ಯಾವುದನ್ನು ಸಾಕ್ಷ್ಯವಾಗಿ ಇಡಬೇಕು, ಬಂದ ತೀರ್ಪನ್ನು ಯಾರು ಜಾರಿಗೊಳಿಸಬೇಕು ಎಂಬ ಮೂರು ಪ್ರಶ್ನೆಗಳು ಹನ್ನೊಂದನೆಯ ಶತಮಾನದ ವರ್ತಕನಿಗೂ ಇದ್ದವು, ಇಂದು ಗಣಕಯಂತ್ರದ ಮೂಲಕ ವ್ಯವಹರಿಸುವವನಿಗೂ ಇವೆ. ಡಿಜಿಟಲ್ ತಂತ್ರಜ್ಞಾನದ ವ್ಯಾಜ್ಯಗಳನ್ನು ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯಗಳು ಹೇಗೆ ನಿರ್ವಹಿಸುತ್ತಿವೆ ಎಂಬುದನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾನಪದ ಅಧ್ಯಯನಕಾರರಿಗೆ ಈ ವಿಷಯ ಅನ್ಯವಾದುದಲ್ಲ. ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯನ್ನು ಗಮನಿಸಬಹುದು. ಅಲ್ಲಿ ಮಾತಿಲ್ಲ, ಬರಹವಿಲ್ಲ. ಬೆರಳುಗಳ ಸಂಕೇತವೇ ಒಪ್ಪಂದ, ನಡುವೆ ನಿಂತ ದಲಾಲಿಯೇ ಸಾಕ್ಷಿ. ಹೊರಗಿನವನಿಗೆ ಅರ್ಥವಾಗದ ಸಂಕೇತವೊಂದು ವ್ಯಾಪಾರವನ್ನು ಬಂಧಿಸುತ್ತದೆ ಎಂಬುದು ಗಣಕಯುಗದ ಹೊಸ ಸಂಗತಿಯೇನೂ ಅಲ್ಲ. ಆದರೆ ಸಂತೆಯ ಸಂಕೇತವನ್ನು ಓದಬಲ್ಲವನು ಸಂತೆಯಲ್ಲೇ ಇರುತ್ತಿದ್ದನು. ಈ ಸಾಮೀಪ್ಯದ ಪ್ರಶ್ನೆ ಮುಂದಿನ ಚರ್ಚೆಯುದ್ದಕ್ಕೂ ಎದುರಾಗುತ್ತದೆ.

೨

ಶಹಾಬಾದಿನ ಸಮೀಪದ ಮರತೂರು ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನೊಂದಿಗೆ ಗುರುತಿಸಲಾಗುವ ಗ್ರಾಮ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಶ್ರಯದಲ್ಲಿ ರಚಿತವಾದ ಮಿತಾಕ್ಷರವು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ದಾಯಭಾಗದ ನಿಯಮಗಳಿಂದಾಗಿ ಅದು ಆಧುನಿಕ ನ್ಯಾಯಾಲಯಗಳಲ್ಲಿಯೂ ಪ್ರಮಾಣಗ್ರಂಥವಾಯಿತು. ಅದರ ವ್ಯವಹಾರಾಧ್ಯಾಯವು ವಾಣಿಜ್ಯ ವ್ಯಾಜ್ಯಗಳ ಚರಿತ್ರೆಗೂ ಅಷ್ಟೇ ಮುಖ್ಯವಾದ ಆಕರ.

ನ್ಯಾಯನಿರ್ಣಯದ ಸ್ಥಾನಗಳನ್ನು ಸ್ಮೃತಿಯು ನಾಲ್ಕಾಗಿ ಹೇಳುತ್ತದೆ: ರಾಜನು ನೇಮಿಸಿದವರು, ಪೂಗ, ಶ್ರೇಣಿ ಮತ್ತು ಕುಲ. ಇವುಗಳಲ್ಲಿ ಮೊದಮೊದಲಿನದು ಹೆಚ್ಚು ಪ್ರಬಲ. ಒಂದೇ ಊರಿನಲ್ಲಿ ನೆಲೆಸಿದ, ಬೇರೆ ಬೇರೆ ಜಾತಿ ಮತ್ತು ವೃತ್ತಿಗಳ ಜನಸಮೂಹವೇ ಪೂಗವೆಂದೂ ಒಂದೇ ಕಸುಬಿನಿಂದ ಬದುಕುವವರ ಸಂಘಟನೆ ಶ್ರೇಣಿಯೆಂದೂ ವಿಜ್ಞಾನೇಶ್ವರ ವಿವರಿಸುತ್ತಾನೆ. ಕುದುರೆ ವ್ಯಾಪಾರಿಗಳು, ಎಲೆ ಮಾರುವವರು, ನೇಕಾರರು, ಚರ್ಮಕಾರರು ಅವನು ಕೊಡುವ ನಿದರ್ಶನಗಳು. ಕಸುಬಿನ ಒಳಗುಟ್ಟು ಬಲ್ಲವರೇ ಆ ಕಸುಬಿನ ತಂಟೆಯನ್ನು ಮೊದಲು ಕೇಳಬೇಕು, ಅತೃಪ್ತನಾದವನು ಮೇಲಿನ ಸ್ಥಾನಕ್ಕೆ ಹೋಗಬಹುದು ಎಂಬುದು ಇದರ ತಾತ್ಪರ್ಯ.

ಸಾಕ್ಷ್ಯದ ವಿಷಯದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು ಹೇಳಲ್ಪಟ್ಟಿವೆ. ಇವು ಇಲ್ಲದಾಗ ಮಾತ್ರ ದಿವ್ಯ. ಸಾಲಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳಿರಬೇಕು. ಸಾಲಗಾರನು ಸ್ವಹಸ್ತದಿಂದ ಒಪ್ಪಿಗೆ ಬರೆಯಬೇಕು. ಸಾಕ್ಷಿಗಳು ತಂದೆಯ ಹೆಸರಿನೊಡನೆ ರುಜು ಹಾಕಬೇಕು. ಉಭಯತರ ಕೋರಿಕೆಯಂತೆ ಬರೆದೆನೆಂದು ಲೇಖಕನು ಕೊನೆಯಲ್ಲಿ ನಮೂದಿಸಬೇಕು. ಪತ್ರವು ದೇಶಾಂತರದಲ್ಲಿ ಉಳಿದಿದ್ದರೆ, ಅಕ್ಷರ ಅಳಿಸಿದ್ದರೆ, ಕಳುವಾಗಿದ್ದರೆ, ಸುಟ್ಟಿದ್ದರೆ ಹೊಸ ಪತ್ರ ಮಾಡಿಸಿಕೊಳ್ಳಬೇಕೆಂಬ ನಿಯಮವೂ ಉಂಟು. ಜನರ ನಡುವಿನ ವ್ಯವಹಾರಪತ್ರವು ಸಾಧು ಸಂಸ್ಕೃತದಲ್ಲಿಯೇ ಇರಬೇಕೆಂಬ ಕಟ್ಟಳೆಯಿಲ್ಲ, ಆಯಾ ದೇಶಭಾಷೆಯಲ್ಲಿಯೂ ಬರೆಯಬಹುದು ಎಂಬ ಮಿತಾಕ್ಷರದ ನಿಲುವು ಈ ಲೇಖನದ ದೃಷ್ಟಿಯಿಂದ ವಿಶೇಷ ಮಹತ್ವದ್ದು.

ಈ ವ್ಯವಸ್ಥೆಯನ್ನು ಆದರ್ಶವೆಂದು ಬಿಂಬಿಸಬೇಕಾಗಿಲ್ಲ. ಅದು ವರ್ಣಭೇದದ ಚೌಕಟ್ಟಿನೊಳಗೇ ನಿಂತಿತ್ತು. ಕಲ್ಲು ಒಡೆಯುವವನಿಗೂ ಕಲ್ಲಿನ ಒಡೆಯನಿಗೂ ಅಲ್ಲಿ ಸಮಾನ ಸ್ಥಾನವಿರಲಿಲ್ಲ. ಆದರೂ ಕಸುಬಿನ ತಿಳಿವಳಿಕೆ, ನೆಲೆಯ ಸಾಮೀಪ್ಯ ಮತ್ತು ಭಾಷೆ ಎಂಬ ಮೂರು ಅಂಶಗಳನ್ನು ಅದು ನ್ಯಾಯದ ಭಾಗವಾಗಿ ಗುರುತಿಸಿತ್ತು ಎಂಬುದನ್ನು ಅಲ್ಲಗಳೆಯಲಾಗದು.

೩

ಊರಿನ ಎಲ್ಲೆಯನ್ನು ದಾಟುವ ತಂತ್ರಜ್ಞಾನವು ನ್ಯಾಯಾಧಿಕಾರದ ಎಲ್ಲೆಯನ್ನೂ ಕದಡುತ್ತದೆ ಎಂಬುದಕ್ಕೆ ಈ ಪ್ರದೇಶದ ಆಧುನಿಕ ನಿದರ್ಶನವೆಂದರೆ ರೈಲು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆದು, ಮುಂಬಯಿಯಿಂದ ರಾಯಚೂರಿನ ಕಡೆಗೆ ಸಾಗುವ ಮಾರ್ಗದೊಡನೆ ಕೂಡಿಕೊಂಡಿತು. ಸುತ್ತಲಿನ ನೆಲ ನಿಜಾಮರದು. ಹಳಿಯ ಮೇಲಿನ ಅಧಿಕಾರದಲ್ಲಿ ಮಾತ್ರ ಬ್ರಿಟಿಷರಿಗೆ ಪಾಲಿತ್ತು. ಹಾಗಾದರೆ ಹಳಿಯ ಮೇಲೆ ನಿಂತ ಮನುಷ್ಯ ಯಾರ ನ್ಯಾಯಕ್ಕೆ ಒಳಪಟ್ಟವನು?

ಈ ಪ್ರಶ್ನೆ ಮುಹಮ್ಮದ್ ಯೂಸುಫುದ್ದೀನ್ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಇದೇ ಮಾರ್ಗದ ಶಂಕರಪಲ್ಲಿ ನಿಲ್ದಾಣದಲ್ಲಿ ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ನಿಜಾಮರ ಪ್ರಜೆಯೊಬ್ಬರನ್ನು ಬಂಧಿಸಲಾಗಿತ್ತು. ಬಿಟ್ಟುಕೊಟ್ಟ ಅಧಿಕಾರ ರೈಲಿನ ಆಡಳಿತಕ್ಕೆ ಸೀಮಿತವಾದುದರಿಂದ ರೈಲಿಗೆ ಸಂಬಂಧಿಸದ ವಿಷಯದಲ್ಲಿ ಮಾಡಿದ ಬಂಧನ ಕಾನೂನುಬಾಹಿರ ಎಂದು ೧೮೯೭ರಲ್ಲಿ ತೀರ್ಪಾಯಿತು. ತಂತ್ರಜ್ಞಾನ ಎಲ್ಲೆಡೆ ಹಾದುಹೋಗಬಹುದು, ಅದರ ಹಿಂದೆ ಅಧಿಕಾರವೂ ತಾನಾಗಿ ಹಾದುಹೋಗದು. ಅದಕ್ಕೆ ಒಪ್ಪಿಗೆಯ ಆಧಾರ ಬೇಕು. ಇದು ದಂಡಪ್ರಕ್ರಿಯೆಯ ಪ್ರಕರಣವಾದರೂ ಅದರ ತತ್ವವು ಇಂದಿನ ವಾಣಿಜ್ಯ ನ್ಯಾಯಾಲಯಗಳ ಅಡಿಗಲ್ಲಾಗಿದೆ.

ಸರಿಸುಮಾರು ಅದೇ ಕಾಲದಲ್ಲಿ, ೧೮೯೫ರಲ್ಲಿ, ಲಂಡನ್ನಿನಲ್ಲಿ ಪ್ರತ್ಯೇಕ ವಾಣಿಜ್ಯ ನ್ಯಾಯಾಲಯದ ವ್ಯವಸ್ಥೆ ಆರಂಭವಾಯಿತು. ವ್ಯಾಪಾರದ ರೂಢಿಯನ್ನರಿಯದ ನ್ಯಾಯಾಧೀಶರ ಬಗ್ಗೆ ವರ್ತಕರಲ್ಲಿದ್ದ ಅಸಮಾಧಾನ ಅದಕ್ಕೆ ಒಂದು ಮುಖ್ಯ ಕಾರಣ. ಶ್ರೇಣಿಯ ಹಿಂದಿದ್ದ ವಿವೇಕವೇ ಇಲ್ಲಿ ಬೇರೆ ರೂಪದಲ್ಲಿ ಕಾಣಿಸುತ್ತದೆ. ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ನ್ಯಾಯಾಲಯಗಳು, ೨೦೧೫ರಲ್ಲಿ ಸ್ಥಾಪನೆಯಾದ ಸಿಂಗಪುರ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯ ಇವು ಇದೇ ಪರಂಪರೆಯ ಮುಂದುವರಿಕೆ. ಸಿಂಗಪುರದಲ್ಲಿ ಅನ್ಯದೇಶದ ನ್ಯಾಯಾಧೀಶರೂ ಪೀಠದಲ್ಲಿ ಕುಳಿತುಕೊಳ್ಳುತ್ತಾರೆ. ದುಬೈಯಲ್ಲಿ ೨೦೨೧ರ ಕೊನೆಯಲ್ಲಿ ಡಿಜಿಟಲ್ ಅರ್ಥವ್ಯವಸ್ಥೆಯ ವ್ಯಾಜ್ಯಗಳಿಗೆಂದೇ ವಿಶೇಷ ವಿಭಾಗವನ್ನು ಪ್ರಕಟಿಸಲಾಯಿತು.

೪

ಈ ನ್ಯಾಯಾಲಯಗಳು ಡಿಜಿಟಲ್ ವ್ಯಾಜ್ಯಗಳಿಗಾಗಿ ಸಂಪೂರ್ಣ ಹೊಸ ನ್ಯಾಯಶಾಸ್ತ್ರವನ್ನು ಕಟ್ಟಿಲ್ಲ, ಹಳೆಯ ಪರಿಕಲ್ಪನೆಗಳನ್ನೇ ವಿಸ್ತರಿಸಿವೆ ಎಂಬುದಕ್ಕೆ ಸಿಂಗಪುರದ ಬಿ೨ಸಿ೨ ಮತ್ತು ಕ್ವೊಯಿನ್ ಪ್ರಕರಣ ಉತ್ತಮ ನಿದರ್ಶನ. ೨೦೧೭ರ ಏಪ್ರಿಲ್‌ನಲ್ಲಿ ಕ್ವೊಯಿನ್ ನಡೆಸುತ್ತಿದ್ದ ವಿನಿಮಯ ಕೇಂದ್ರದ ವ್ಯವಸ್ಥೆಯಲ್ಲಿ ಲೋಪವುಂಟಾಗಿ, ಎರಡು ಬಗೆಯ ಗುಪ್ತಲಿಪಿ ನಾಣ್ಯಗಳ ವಿನಿಮಯವು ಮಾರುಕಟ್ಟೆ ದರದ ಸುಮಾರು ೨೫೦ ಪಟ್ಟು ದರದಲ್ಲಿ ನಡೆದುಹೋಯಿತು. ಎರಡೂ ಕಡೆ ವ್ಯವಹರಿಸಿದ್ದು ತಂತ್ರಾಂಶ; ಆ ಕ್ಷಣದಲ್ಲಿ ಮನುಷ್ಯರ ಪ್ರವೇಶವಿರಲಿಲ್ಲ. ಕೇಂದ್ರವು ವಿನಿಮಯವನ್ನು ರದ್ದುಪಡಿಸಿತು. ತಪ್ಪು ಗ್ರಹಿಕೆಯಿಂದಾದ ಒಪ್ಪಂದ ಬಂಧಕವಲ್ಲವೆಂಬುದು ಅದರ ವಾದ.

ಯಂತ್ರಕ್ಕೆ ಮನಸ್ಸಿಲ್ಲದಿರುವಾಗ ತಪ್ಪು ಗ್ರಹಿಕೆ ಯಾರದು? ೨೦೧೯ರಲ್ಲಿ ವಾಣಿಜ್ಯ ನ್ಯಾಯಾಲಯವು ತಂತ್ರಾಂಶ ಬರೆದವನ ಅರಿವನ್ನು ನೋಡಬೇಕೆಂದಿತು. ೨೦೨೦ರಲ್ಲಿ ಮೇಲ್ಮನವಿ ನ್ಯಾಯಾಲಯವು, ತಂತ್ರಾಂಶ ಬರೆದಂದಿನಿಂದ ಒಪ್ಪಂದ ಏರ್ಪಡುವವರೆಗಿನ ಅವನ ಅರಿವು ಪರಿಗಣನೆಗೆ ಬರುತ್ತದೆಂದು ಸ್ಪಷ್ಟಪಡಿಸಿ, ಒಪ್ಪಂದಭಂಗದ ಹೊಣೆಯನ್ನು ಬಹುಮತದಿಂದ ಎತ್ತಿಹಿಡಿಯಿತು. ಪೀಠದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಾಧೀಶರೊಬ್ಬರು ಭಿನ್ನಮತ ದಾಖಲಿಸಿದರು. ಬಹುಮತ ಮತ್ತು ಭಿನ್ನಮತಗಳೆರಡೂ ಯಂತ್ರದ ಹಿಂದಿನ ಮನುಷ್ಯನನ್ನೇ ಹುಡುಕುತ್ತವೆ ಎಂಬುದು ಗಮನಾರ್ಹ. ೨೦೧೯ರಲ್ಲಿಯೇ ಲಂಡನ್ನಿನ ವಾಣಿಜ್ಯ ನ್ಯಾಯಾಲಯವು ಗಣಕಗಳನ್ನು ಒತ್ತೆಯಿಟ್ಟು ಹಣ ಕಿತ್ತ ಪ್ರಕರಣದಲ್ಲಿ ಬಿಟ್‌ಕಾಯಿನನ್ನು ಸ್ವತ್ತೆಂದು ಪರಿಗಣಿಸಿ, ಹೆಸರು ತಿಳಿಯದ ಪ್ರತಿವಾದಿಗಳ ವಿರುದ್ಧವೂ ತಡೆಯಾಜ್ಞೆ ನೀಡಿತು.

ಭಾರತದ ಸರ್ವೋಚ್ಚ ನ್ಯಾಯಾಲಯ ೨೦೧೦ರಲ್ಲಿ ತೀರ್ಮಾನಿಸಿದ ಟ್ರೈಮೆಕ್ಸ್ ಮತ್ತು ವೇದಾಂತ ಪ್ರಕರಣವು ಗಣಿ ಪ್ರದೇಶದ ಓದುಗರಿಗೆ ಇನ್ನೂ ಹತ್ತಿರದ್ದು. ದುಬೈಯ ಸಂಸ್ಥೆಯೊಂದು ಬಾಕ್ಸೈಟ್ ಅದಿರು ಪೂರೈಸುವ ಮಾತುಕತೆ ಇ-ಮೇಲ್ ಮೂಲಕ ನಡೆದಿತ್ತು. ವಿಧ್ಯುಕ್ತ ಕರಾರುಪತ್ರಕ್ಕೆ ರುಜು ಬಿದ್ದಿರಲಿಲ್ಲ. ಮುಖ್ಯ ಷರತ್ತುಗಳಿಗೆ ಇ-ಮೇಲಿನಲ್ಲಿ ಒಪ್ಪಿಗೆ ಸೂಚಿಸಿದ ಮೇಲೆ ಒಪ್ಪಂದ ಏರ್ಪಟ್ಟಂತೆಯೇ, ಅದರೊಳಗಿನ ಮಧ್ಯಸ್ಥಿಕೆಯ ಷರತ್ತೂ ಬಂಧಕವೇ ಎಂದು ನ್ಯಾಯಾಲಯ ಹೇಳಿತು. ಕಲ್ಲಿನ ವರ್ತಕನೊಬ್ಬನು ಮೊಬೈಲಿನಲ್ಲಿ ಕಳಿಸುವ ಒಂದು ಸಾಲಿನ ಒಪ್ಪಿಗೆಗೂ ಇಂಥ ತೂಕ ಬರಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫

ಕರ್ನಾಟಕದ ನೆಲದಲ್ಲಿ ಹುಟ್ಟಿ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯದವರೆಗೆ ಸಾಗಿದ ತಂತ್ರಜ್ಞಾನದ ವ್ಯಾಜ್ಯವೆಂದರೆ ದೇವಾಸ್ ಪ್ರಕರಣ. ಇಸ್ರೋದ ವಾಣಿಜ್ಯ ಅಂಗವಾದ ಬೆಂಗಳೂರಿನ ಆಂಟ್ರಿಕ್ಸ್ ಸಂಸ್ಥೆಯು ೨೦೦೫ರ ಜನವರಿ ೨೮ರಂದು ಬೆಂಗಳೂರಿನದೇ ಆದ ದೇವಾಸ್ ಮಲ್ಟಿಮೀಡಿಯಾದೊಡನೆ ಒಪ್ಪಂದ ಮಾಡಿಕೊಂಡಿತು. ಎರಡು ಉಪಗ್ರಹಗಳ ಎಸ್-ಬ್ಯಾಂಡ್ ತರಂಗಾಂತರದ ಸಾಮರ್ಥ್ಯವನ್ನು ಗುತ್ತಿಗೆಗೆ ಕೊಡುವುದು, ಅದರ ಮೂಲಕ ಮೊಬೈಲುಗಳಿಗೆ ಬಹುಮಾಧ್ಯಮ ಸೇವೆ ಒದಗಿಸುವುದು ಅದರ ತಿರುಳು. ೨೦೧೧ರ ಫೆಬ್ರವರಿಯಲ್ಲಿ ಒಪ್ಪಂದ ರದ್ದಾಯಿತು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಿಕೆ ಪೀಠವು ೨೦೧೫ರ ಸೆಪ್ಟೆಂಬರಿನಲ್ಲಿ ದೇವಾಸ್ ಪರವಾಗಿ ೫೬.೨೫ ಕೋಟಿ ಡಾಲರುಗಳ ಐತೀರ್ಪು ನೀಡಿತು.

ಮುಂದೆ ಪ್ರಕರಣ ಹಲವು ಕವಲಾಯಿತು. ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯು ೨೦೨೧ರ ಮೇ ತಿಂಗಳಲ್ಲಿ ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯನ್ನು ಸಮಾಪನಗೊಳಿಸಲು ಆದೇಶಿಸಿತು; ೨೦೨೨ರ ಜನವರಿ ೧೭ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಐತೀರ್ಪನ್ನು ರದ್ದುಪಡಿಸಿತು. ಇನ್ನೊಂದೆಡೆ, ದೇವಾಸ್‌ನಲ್ಲಿ ಹೂಡಿಕೆ ಮಾಡಿದ್ದ ಜರ್ಮನಿಯ ಡಾಯ್ಚ ಟೆಲಿಕಾಮ್ ಹೂಡಿಕೆ ಒಡಂಬಡಿಕೆಯ ಅಡಿಯಲ್ಲಿ ಜಿನೀವಾವನ್ನು ಪೀಠಸ್ಥಳವಾಗುಳ್ಳ ಪ್ರತ್ಯೇಕ ಐತೀರ್ಪನ್ನು ಪಡೆದಿತ್ತು. ಅದರ ಜಾರಿಗೆ ಭಾರತ ಸರ್ಕಾರ ಎತ್ತಿದ ಆಕ್ಷೇಪಣೆಯನ್ನು ಸಿಂಗಪುರ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯ ೨೦೨೩ರಲ್ಲಿ ತಿರಸ್ಕರಿಸಿತು. ಪೀಠಸ್ಥಳದ ನ್ಯಾಯಾಲಯ, ಅಂದರೆ ಸ್ವಿಸ್ ನ್ಯಾಯಾಲಯ, ಈಗಾಗಲೇ ತೀರ್ಮಾನಿಸಿದ ಪ್ರಶ್ನೆಗಳನ್ನು ಮತ್ತೆ ಎತ್ತಲಾಗದು ಎಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಅದೇ ವರ್ಷದ ಡಿಸೆಂಬರಿನಲ್ಲಿ ಹೇಳಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜೂನ್ ೫ರಂದು ಆಂಟ್ರಿಕ್ಸ್ ಮೇಲಿನ ತನ್ನ ದೇಶದ ನ್ಯಾಯಾಲಯಗಳ ಅಧಿಕಾರವ್ಯಾಪ್ತಿಯ ಪ್ರಶ್ನೆಯಲ್ಲಿ ಹೂಡಿಕೆದಾರರ ಪರವಾಗಿ ತೀರ್ಮಾನಿಸಿ, ಉಳಿದ ವಿಷಯಗಳನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು.

ಒಂದೇ ಊರಿನ ಎರಡು ಸಂಸ್ಥೆಗಳ ಒಪ್ಪಂದವು ಹೀಗೆ ಖಂಡಾಂತರಗಳ ನ್ಯಾಯಸ್ಥಾನಗಳಿಗೆ ಹಬ್ಬಿತು. ತಾಯ್ನೆಲದಲ್ಲಿ ವಂಚನೆಯೆಂದು ನಿರ್ಣಯವಾದ ಮೇಲೂ ಹೊರಗಿನ ನ್ಯಾಯಾಲಯಗಳಲ್ಲಿ ಹೂಡಿಕೆದಾರರ ಹಕ್ಕು ಜೀವಂತವಾಗಿ ಉಳಿಯಿತು. ಇದಕ್ಕೆ ಉಪಗ್ರಹದ ತಾಂತ್ರಿಕತೆ ಕಾರಣವಲ್ಲ. ಒಪ್ಪಂದ ಮತ್ತು ಒಡಂಬಡಿಕೆಗಳಲ್ಲಿ ಮೊದಲೇ ಒಪ್ಪಿಕೊಂಡ ನ್ಯಾಯಸ್ಥಾನದ ಷರತ್ತುಗಳೇ ಇದನ್ನು ನಿರ್ಧರಿಸಿದವು. ೧೮೯೭ರಲ್ಲಿ ಒಪ್ಪಿಗೆಯ ಮಿತಿಯು ಅಧಿಕಾರವನ್ನು ತಡೆದರೆ, ಇಲ್ಲಿ ಒಪ್ಪಿಗೆಯ ವ್ಯಾಪ್ತಿಯು ಅದನ್ನು ವಿಸ್ತರಿಸಿತು.

೬

ಸೇಡಂ-ಚಿಂಚೋಳಿಯ ವರ್ತಕನಿಗೆ ಇದರಿಂದ ಆಗಬೇಕಾದುದೇನು? ೨೦೧೫ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ವಾಣಿಜ್ಯ ವ್ಯಾಜ್ಯಗಳ ಪಟ್ಟಿಯಲ್ಲಿ ತೈಲ, ಅನಿಲ ಹಾಗೂ ಇತರ ನೈಸರ್ಗಿಕ ಸಂಪತ್ತಿನ ಬಳಕೆಯೊಂದಿಗೆ ವಿದ್ಯುತ್ಕಾಂತೀಯ ತರಂಗಾಂತರವನ್ನೂ ಸೇರಿಸಿದೆ. ಕಾಗಿಣಾ ದಂಡೆಯ ಕಲ್ಲೂ ಆಕಾಶದ ತರಂಗವೂ ಕಾನೂನಿನ ಕಣ್ಣಿಗೆ ಒಂದೇ ಸಾಲಿನ ಸಂಪತ್ತಾಗಿವೆ. ೨೦೧೮ರ ತಿದ್ದುಪಡಿಯು ವ್ಯಾಜ್ಯದ ಕನಿಷ್ಠ ಮೌಲ್ಯವನ್ನು ಒಂದು ಕೋಟಿಯಿಂದ ಮೂರು ಲಕ್ಷ ರೂಪಾಯಿಗೆ ಇಳಿಸಿದ್ದರಿಂದ ಸಾಮಾನ್ಯ ಅಡತಿ ಅಂಗಡಿಯ ಬಾಕಿಯೂ ಈ ವ್ಯಾಪ್ತಿಗೆ ಬರಬಹುದಾಗಿದೆ. ೨೦೦೮ರಲ್ಲಿ ಸಂಚಾರಿ ಪೀಠವಾಗಿ ಬಂದು ೨೦೧೩ರಲ್ಲಿ ಕಾಯಂಗೊಂಡ ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠವು ಸಾಮೀಪ್ಯದ ಕೊರತೆಯನ್ನು ಒಂದಿಷ್ಟು ನೀಗಿಸಿದೆ.

ಸಾಕ್ಷ್ಯದ ನಿಯಮವೂ ಬದಲಾಗಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರವಿರಬೇಕು; ದಾಖಲೆ ತಿದ್ದುಪಡಿಯಾಗಿಲ್ಲವೆಂದು ತೋರಿಸುವ ಹ್ಯಾಷ್ ಮೌಲ್ಯ ಅದರಲ್ಲಿರಬೇಕು. ಸಾಲಗಾರನ ಸ್ವಹಸ್ತ, ಲೇಖಕನ ಕೊನೆಯ ಸಾಲು ಮಾಡುತ್ತಿದ್ದ ಕೆಲಸವನ್ನೇ ಇವು ಮಾಡುತ್ತಿವೆ.

ಹಾಗಿದ್ದೂ ಮಿತಾಕ್ಷರವು ಗುರುತಿಸಿದ್ದ ಮೂರು ಅಂಶಗಳಲ್ಲಿ ಹೊಸ ವ್ಯವಸ್ಥೆ ಸಾಧಿಸಿರುವುದು ಕಸುಬಿನ ತಿಳಿವಳಿಕೆಯನ್ನು ಮಾತ್ರ. ಅಂತರರಾಷ್ಟ್ರೀಯ ನ್ಯಾಯಾಲಯಗಳು ನುರಿತ ನ್ಯಾಯಾಧೀಶರನ್ನು ಒದಗಿಸಿವೆ. ನೆಲೆಯ ಸಾಮೀಪ್ಯವನ್ನೂ ಭಾಷೆಯನ್ನೂ ಒದಗಿಸಿಲ್ಲ. ಅಂಗೈಯಗಲದ ಪರದೆಯಲ್ಲಿ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಬರುವ ಷರತ್ತಿಗೆ ಒಂದು ಒತ್ತಿನಿಂದ ಸಮ್ಮತಿಸುವವನು ತನ್ನ ತಂಟೆ ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ತೀರ್ಮಾನವಾಗಬೇಕೆಂಬುದನ್ನೂ ಅಲ್ಲೇ ಒಪ್ಪಿಕೊಂಡಿರುತ್ತಾನೆ. ದೊಡ್ಡ ಸಂಸ್ಥೆಗಳು ಸಿಂಗಪುರಕ್ಕೂ ಲಂಡನ್ನಿಗೂ ಹೋಗಬಲ್ಲವು. ಪರ್ಸಿ ಗಣಿಯ ಸಣ್ಣ ಗುತ್ತಿಗೆದಾರನಿಗೆ ಆ ದೂರವೇ ತೀರ್ಪಾಗಿಬಿಡುತ್ತದೆ.

ಆದುದರಿಂದ ವಾಣಿಜ್ಯ ಕರಾರುಗಳ ಕನ್ನಡ ರೂಪ, ಕನ್ನಡದಲ್ಲಿ ಖಚಿತವಾದ ಕಾನೂನು ಪರಿಭಾಷೆ, ನ್ಯಾಯಸ್ಥಾನದ ಷರತ್ತನ್ನು ಎದ್ದುಕಾಣುವಂತೆ ತಿಳಿಸುವ ಕ್ರಮ ಇವು ಭಾಷಾಭಿಮಾನದ ಬೇಡಿಕೆಗಳಷ್ಟೇ ಅಲ್ಲ, ನ್ಯಾಯದ ಅಗತ್ಯಗಳು. ಅಡತಿ, ದಲಾಲಿ, ಉದ್ರಿ, ರುಜು, ಬಾಕಿ, ಪಾವತಿ ಮುಂತಾದ ಪದಸಂಪತ್ತು ಈ ಭಾಗದ ವ್ಯವಹಾರದಲ್ಲಿ ಇಂದಿಗೂ ಜೀವಂತವಾಗಿದೆ. ಅದನ್ನು ಸಂಗ್ರಹಿಸಿ ಅರ್ಥನಿರ್ಣಯ ಮಾಡುವುದು ಜಾನಪದ ಮತ್ತು ಕಾನೂನು ವಿದ್ವಾಂಸರು ಕೂಡಿ ಮಾಡಬೇಕಾದ ಕಾರ್ಯ. ವ್ಯವಹಾರಪತ್ರವು ವ್ಯವಹರಿಸುವವನ ಭಾಷೆಯಲ್ಲಿ ಇರಬಹುದೆಂದು ಒಂಬೈನೂರು ವರ್ಷಗಳ ಹಿಂದೆಯೇ ಒಪ್ಪಿದ ಗ್ರಂಥವು ಈ ನೆಲದೊಂದಿಗೆ ಗುರುತಿಸಿಕೊಂಡಿರುವಾಗ, ಆ ಕಾರ್ಯವು ಇಲ್ಲಿಂದಲೇ ಆರಂಭವಾಗುವುದು ಉಚಿತವಾಗಿದೆ.