ಬೀಜ ಬೆಳೆದವರು, ಪುಡಿ ಮಾರಿದವರು

ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲಿ ಕುರುಹಿನಶೆಟ್ಟಿ ಎಂಬ ಹೆಸರು ಎಲ್ಲರಿಗೂ ಪರಿಚಿತ. ಅದೇ ಸಮಾಜದ ಹೆಣ್ಣುಮಗಳೊಬ್ಬರು ಕಾಫಿ ಮಾರಿ ಬೆಂಗಳೂರಿನಲ್ಲಿ ಮನೆಮಾತಾದ ಕಥೆ ಮಾತ್ರ ಜಮಖಂಡಿ, ಹುನ್ನೂರ ಕಡೆ ಅಷ್ಟಾಗಿ ಮುಟ್ಟಿಲ್ಲ. ಮುಟ್ಟುವುದಾದರೂ ಹೇಗೆ? ಇದು ಕಬ್ಬು ಬೆಳೆದು ಚಹಾ ಕುಡಿಯುವ ಸೀಮೆ.

ತುಮಕೂರು ಜಿಲ್ಲೆಯ ಬಿದರೆಯಲ್ಲಿ ಹುಟ್ಟಿದ ಸಾಕಮ್ಮ, ಹುಡುಗಿಯರು ಶಾಲೆಯ ಮೆಟ್ಟಿಲೇರುವುದೇ ಅಪರೂಪವಾಗಿದ್ದ ಕಾಲದಲ್ಲಿ ಮೆಟ್ರಿಕ್‌ವರೆಗೆ ಓದಿದವರು. ಕೊಡಗಿನ ಕಾಫಿ ತೋಟಗಳ ಸಾಹುಕಾರ ದೊಡ್ಡಮನೆ ಚಿಕ್ಕಬಸಪ್ಪ ಶೆಟ್ಟರಿಗೆ ಮೂರನೆಯ ಹೆಂಡತಿಯಾಗಿ ಹೋದಾಗ ಇನ್ನೂ ಹದಿಹರೆಯ. ಗಂಡ ಬೇಗನೆ ತೀರಿಕೊಂಡರು, ಸವತಿಯರೂ ಉಳಿಯಲಿಲ್ಲ. ತೋಟದ ಹೊಣೆಯೆಲ್ಲ ಎಳೆಯ ವಿಧವೆಯ ಹೆಗಲಿಗೆ ಬಿತ್ತು. 1854ರಿಂದ ಕೊಡಗಿನಲ್ಲಿ ಬಿಳಿಯರು ತೋಟ ಮಾಡುತ್ತ ಬಂದಿದ್ದರು. ಅವರ ನಡುವೆ ಈಕೆ ವಹಿವಾಟು ನಡೆಸಿದರು.

ತೋಟ ಉಳಿಸಿಕೊಂಡದ್ದಕ್ಕಿಂತ ದೊಡ್ಡದು ಅವರ ಮುಂದಿನ ಹೆಜ್ಜೆ. 1920ರ ದಶಕದಲ್ಲಿ ಬೆಂಗಳೂರಿಗೆ ಬಂದು ಬೀಜ ಹುರಿದು ಪುಡಿ ಮಾಡಿ ಮಾರತೊಡಗಿದರು. ಮನೆಯಲ್ಲೇ ಹುರಿದು ಕೈಮಿಲ್ಲಿನಲ್ಲಿ ಬೀಸಿಕೊಳ್ಳುತ್ತಿದ್ದ ಜನಕ್ಕೆ ಸಿದ್ಧಪುಡಿ ಸಿಕ್ಕಿತು, ಆಕೆಗೆ 'ಕಾಫಿಪುಡಿ ಸಾಕಮ್ಮ' ಎಂಬ ಹೆಸರು ಸಿಕ್ಕಿತು. ಬೀಜ ಬೆಳೆದವನ ಪಾಲಿಗೆ ಬರುವ ಕಾಸೆಷ್ಟು, ಪುಡಿ ಮಾರಿದವನಿಗೆ ಸೇರುವುದೆಷ್ಟು ಎಂಬ ಲೆಕ್ಕ ಅವರಿಗೆ ತಿಳಿದಿತ್ತೆಂದೇ ಹೇಳಬೇಕು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯೆಯಾದರು. ಬ್ರಿಟಿಷರು ಕೈಸರ್-ಎ-ಹಿಂದ್ ಪದಕ ಕೊಟ್ಟರು. ತಮ್ಮ ಸಮಾಜದ ವಿದ್ಯಾರ್ಥಿಗಳ ಹಾಸ್ಟೆಲ್‌ಗೂ ನೆರವಾದರು. ಬಸವನಗುಡಿಯ ಬದಿಯ ಸಾಕಮ್ಮ ಗಾರ್ಡನ್ ಇಂದಿಗೂ ಅವರ ಹೆಸರು ಹೊತ್ತಿದೆ.

ಮುಂದಿನ ದಶಕದಲ್ಲಿ ಕಾಫಿಯ ಬೆಲೆ ಕುಸಿದಾಗ ಸರ್ಕಾರವೂ ಅದೇ ದಾರಿ ಹಿಡಿಯಿತು. ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯಲ್ಲಿ ಕಾಫಿ ಹೌಸ್ ತೆರೆದು, ಬೆಳೆದದ್ದನ್ನು ನಮ್ಮವರಿಗೇ ಕುಡಿಸಲು ಹೊರಟಿತು. 1942ರ ಕಾಫಿ ಕಾಯ್ದೆಯ ನಂತರ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲ್, ಅಂದರೆ ಒಟ್ಟು ದಾಸ್ತಾನು, ಸೇರುತ್ತಿತ್ತು. ಮಾರುಕಟ್ಟೆಯ ಚಿಂತೆ ಬೆಳೆಗಾರನದಾಗಿರಲಿಲ್ಲ. 1990ರ ದಶಕದಲ್ಲಿ ಪೂಲ್ ಹೋಯಿತು. ವಿಯೆಟ್ನಾಂನ ರೊಬಸ್ಟಾ ಕಾಫಿ ಜಗತ್ತಿನ ಮಾರುಕಟ್ಟೆಗೆ ನುಗ್ಗಿತು. 2000ದ ಆಸುಪಾಸಿನಲ್ಲಿ ಬಂದ ಬೆಲೆ ಕೊಯ್ಲಿನ ಕೂಲಿಗೂ ಸಾಲದಾಯಿತು.

ಆ ಕಷ್ಟದಲ್ಲಿ, 2002ರಲ್ಲಿ, ಕೊಡಗು ಮಹಿಳಾ ಕಾಫಿ ಜಾಗೃತಿ ಸಂಘ ಹುಟ್ಟಿತು. ಬೆಳೆಗಾರರ ಮನೆಯ ಹೆಂಗಸರು ಸಬ್ಸಿಡಿಗಾಗಿ ಅರ್ಜಿ ಹಿಡಿದು ನಿಲ್ಲುವ ಬದಲು, ಒಳ್ಳೆಯ ಕಾಫಿ ಕುಡಿಯುವುದನ್ನು ಜನಕ್ಕೆ ಕಲಿಸಲು ಮುಂದಾದರು. ಬೆಳೆಯುವ ಜಿಲ್ಲೆಯಲ್ಲೇ ಕಾಫಿಯ ಪ್ರಚಾರ ಮಾಡಬೇಕಾಗಿ ಬಂದದ್ದು ವಿಚಿತ್ರವೇ ಸರಿ. ಆದರೆ ಭಾರತದ ಕಾಫಿಯ ದೊಡ್ಡ ಪಾಲು ಹಡಗು ಹತ್ತುತ್ತದೆ. ಕಡಲಾಚೆ ಬೆಲೆ ಸೀನಿದರೆ ಕೊಡಗಿಗೆ ನೆಗಡಿ.

ಈ ಇತಿಹಾಸಕ್ಕೆ ಇನ್ನೊಂದು ಮಗ್ಗುಲಿದೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಕೆಂಪು ಹಣ್ಣನ್ನೇ ಆರಿಸಿ ಕೊಯ್ದು, ಕಣದಲ್ಲಿ ಹರವುವವರಲ್ಲಿ ಹೆಂಗಸರೇ ಹೆಚ್ಚು. ಬೀಜ ಹದಮಾಡುವ ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಕಪ್ಪು ಬೀಜ, ಒಡಕು ಬೀಜ ಆರಿಸಿ ತೆಗೆಯುತ್ತಿದ್ದವರೂ ಅವರೇ. ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಇರುತ್ತಿದ್ದ ಕೊಯ್ಲಿನ ಹೆಂಗಸರಿಗೆ ಮಗುವನ್ನು ಬಿಡಲು ಶಿಶುವಿಹಾರ ಬೇಕೆಂದು ಕಾನೂನು ಹೇಳಲು 1951ರ ತೋಟ ಕಾರ್ಮಿಕರ ಕಾಯ್ದೆ ಬರಬೇಕಾಯಿತು. ಸಾಕಮ್ಮನ ಹೆಸರು ಉಳಿಯಿತು, ಇವರ ಹೆಸರು ಮಸ್ಟರ್ ರೋಲಿನಲ್ಲೇ ಉಳಿಯಿತು.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಚಿತ್ರ ಸ್ವಲ್ಪ ಬೇರೆ. ಮಾರಿಸ್ ಕುಟುಂಬ ಅತ್ತಿಕಾನೆಯಲ್ಲಿ ಕಾಫಿ ತೋಟ ಮಾಡಿದಾಗ ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಅಲ್ಲಿ ಕೂಲಿಯವರು. ಈಗ ತಮ್ಮ ಹಾಡಿಗಳಾದ ಪೋಡುಗಳ ಸುತ್ತಲಿನ ತುಂಡು ನೆಲದಲ್ಲಿ ಅವರೇ ಮರದ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. 2011ರಲ್ಲಿ ಅರಣ್ಯಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಬಂತು. ಗಿಡದಿಂದ ಹಣ್ಣು ಕೊಯ್ಯುವ ಹೆಂಗಸೇ ಗಿಡದ ಒಡತಿಯೂ ಆಗಿರುವ ಮನೆಗಳು ಅಲ್ಲಿವೆ. ಹುರಿದು ಪುಡಿ ಮಾಡಿ ಮಾರುವ ಲಾಭ ಮಾತ್ರ ಹೆಚ್ಚಾಗಿ ಬೆಟ್ಟದ ಕೆಳಗಿನವರದು.